ನಾಯಿಗೂ ಒಂದು ಖಾತೆ

ನಮ್ಮ ಮೇಡ್ಲೇರಿಯಲ್ಲಿ ಎಮ್ಮೆಯ ರೇಟು ಸಣ್ಣ ಹುಡುಗನಿಗೂ ಗೊತ್ತು. ರಾಣೆಬೆನ್ನೂರಿನ ಸಂತೆಯಲ್ಲಿ ಈ ವಾರ ಕುರಿ ಎಷ್ಟಕ್ಕೆ ಹೋಯಿತು ಎಂಬುದು ಕಟ್ಟೆಯ ಮೇಲಿನ ಮಾತು. ದನಕ್ಕೆ ಆರು ತಿಂಗಳಿಗೊಮ್ಮೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಪಶುಪಾಲನಾ ಇಲಾಖೆಯವರು ಬಾಗಿಲಿಗೇ ಬರುತ್ತಾರೆ, ಪುಕ್ಕಟೆಯಾಗಿ. ನಾಯಿಗೆ ಮಾತ್ರ ಲೆಕ್ಕದ ಪುಸ್ತಕದಲ್ಲಿ ಜಾಗವಿಲ್ಲ. ಹಿಂಡು ಕಾಯುತ್ತದೆ, ಕಣ ಕಾಯುತ್ತದೆ, ಉಳಿದ ರೊಟ್ಟಿ ತಿನ್ನುತ್ತದೆ, ಅಲ್ಲಿಗೆ ಮುಗಿಯಿತು. ನಮ್ಮ ಕರಿಯನಿಗೆ ಲಸಿಕೆ ಹಾಕಿಸಿಕೊಂಡು ಬಂದೆ ಎಂದಾಗ ಪಕ್ಕದ ಹೊಲದವರು ಕೇಳಿದ್ದು ಒಂದೇ ಮಾತು: “ನಾಯಿಗೆ ಮುನ್ನೂರು ರೂಪಾಯಿನಾ? ಅದೇನ ಹಾಲ ಕೊಡತೈತೇನ?”

ಕೊಡುವುದಿಲ್ಲ, ನಿಜ. ಆದರೆ ರೇಬೀಸ್ ಲಸಿಕೆಯನ್ನು ನಾನು ನಾಯಿಯ ಖರ್ಚಿಗೆ ಬರೆಯುವುದೇ ಇಲ್ಲ, ಮನೆಮಂದಿಯ ಆರೋಗ್ಯದ ಖರ್ಚಿಗೆ ಬರೆಯುತ್ತೇನೆ. ಮನುಷ್ಯರಿಗೆ ತಗಲುವ ರೇಬೀಸಿನಲ್ಲಿ ಹೆಚ್ಚೂಕಡಿಮೆ ಎಲ್ಲವೂ, ನೂರಕ್ಕೆ 99ರವರೆಗೆ, ನಾಯಿಯಿಂದಲೇ ಬಂದದ್ದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು.

ಸಾವಿನ ಮಾತು ಬಿಡಿ, ಬರೀ ಕಚ್ಚಿದ್ದರ ಲೆಕ್ಕ ಹಾಕೋಣ. ಸರ್ಕಾರಿ ಆಸ್ಪತ್ರೆಯಲ್ಲಿ ಚುಚ್ಚುಮದ್ದು ಉಚಿತ. ಚರ್ಮದೊಳಗೆ ಕೊಡುವ ಪದ್ಧತಿಯಲ್ಲಿ ಮೊದಲ ದಿನ, 3ನೇ, 7ನೇ, 28ನೇ ದಿನ ಹೀಗೆ ನಾಲ್ಕು ಸಲ ಹೋಗಬೇಕು. ಸ್ನಾಯುವಿಗೆ ಕೊಡುವುದಾದರೆ ಐದು. ಕಚ್ಚಿಸಿಕೊಂಡದ್ದು ಮಗುವಾದರೆ ಜೊತೆಗೊಬ್ಬರು ಬೇಕೇ ಬೇಕು. ದಿನಕ್ಕೆ 400 ರೂಪಾಯಿ ಕೂಲಿ ಎಂದು ಹಿಡಿದರೂ ನಾಲ್ಕು ದಿನಕ್ಕೆ 1,600 ಹೋಯಿತು. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ, ತಪ್ಪಿದ ಕೂಲಿಯನ್ನು ಯಾವ ಯೋಜನೆಯೂ ಕಟ್ಟಿಕೊಡುವುದಿಲ್ಲ. ಗಾಯ ಆಳವಾಗಿದ್ದರೆ ಅದರ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಎಂಬ ಇನ್ನೊಂದು ಮದ್ದನ್ನೂ ಚುಚ್ಚಬೇಕು. ಖಾಸಗಿಯಲ್ಲಿ ಅದಕ್ಕೆ ಸಾವಿರಗಳಲ್ಲಿ ಬಿಲ್ಲು. ಇಷ್ಟರ ಎದುರು ನಾನು ವರ್ಷಕ್ಕೊಮ್ಮೆ ಕೊಡುವುದು ಸುಮಾರು 300. ಪಶು ಆಸ್ಪತ್ರೆಯವರು ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸು ಶಿಬಿರ ಮಾಡಿದರೆ ಅದೂ ಉಳಿಯುತ್ತದೆ.

ಇಲ್ಲೊಂದು ಎಚ್ಚರಿಕೆ. ಲಸಿಕೆ ಹಾಕಿಸಿದ ನಾಯಿಯೇ ಕಚ್ಚಿದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಲೇಬೇಕು. ಅರಿಸಿನ, ಸುಣ್ಣ, ಖಾರದ ಪುಡಿ ಬೇಡ. ಬ್ಯಾಡಗಿ ಮೆಣಸಿನಕಾಯಿಗೆ ಬೇರೆ ಬೇಕಾದಷ್ಟು ಕೆಲಸವಿದೆ.

ಇನ್ನು ಉಳಿದ ಲಸಿಕೆಗಳು. ಪಾರ್ವೊ, ಡಿಸ್ಟೆಂಪರ್, ಹೆಪಟೈಟಿಸ್, ಲೆಪ್ಟೊ ಎಂಬ ರೋಗಗಳಿಗೆಲ್ಲ ಸೇರಿಸಿ ‘ಸೆವೆನ್ ಇನ್ ಒನ್’, ‘ನೈನ್ ಇನ್ ಒನ್’ ಎಂದು ಅಂಗಡಿಯಲ್ಲಿ ಸಿಗುವವು. ರೇಬೀಸಿನದಕ್ಕಿಂತ ಎರಡು ಮೂರು ಪಟ್ಟು ಬೆಲೆ. ಜಾಣತನದಿಂದ ಖರ್ಚು ಮಾಡಬೇಕಾದದ್ದು ಇಲ್ಲಿ. ಮರಿಗೆ ಆರೆಂಟು ವಾರವಾದಾಗ ಶುರುಮಾಡಿ ಮೂರು ನಾಲ್ಕು ವಾರಕ್ಕೊಂದರಂತೆ ಹಾಕಿಸಿ ಎನ್ನುತ್ತಾರೆ. ವ್ಯಾಪಾರದ ಮಾತೆಂದು ನಮ್ಮವರ ಅನುಮಾನ. ಕಾರಣ ಬೇರೆ ಇದೆ. ತಾಯಿಯ ಗಿಣ್ಣಿನಿಂದ ಬಂದ ರೋಗನಿರೋಧಕ ಅಂಶ ಮರಿಯ ರಕ್ತದಲ್ಲಿ ಇರುವವರೆಗೆ ಲಸಿಕೆಯನ್ನು ಅದು ಹೊಡೆದುಹಾಕುತ್ತದೆ. ಒಂದು ಮರಿಯಲ್ಲಿ ಎಂಟನೇ ವಾರಕ್ಕೆ ಅದು ಕರಗಿದರೆ ಇನ್ನೊಂದರಲ್ಲಿ ಹದಿನಾಲ್ಕಾದರೂ ಇರಬಹುದು. ಯಾವಾಗ ಬಾಗಿಲು ತೆರೆಯುತ್ತದೋ ತಿಳಿಯದ್ದಕ್ಕೆ ಮತ್ತೆ ಮತ್ತೆ ತಟ್ಟುವುದು. ಹಾಗಾಗಿ ಡಬ್ಲ್ಯುಎಸ್‌ಎವಿಎ ಎಂಬ ಸಾಕುಪ್ರಾಣಿ ವೈದ್ಯರ ಜಾಗತಿಕ ಸಂಘ ಕೊನೆಯ ಡೋಸು ಹದಿನಾರು ವಾರ ತುಂಬಿದ ಮೇಲೆಯೇ ಇರಲಿ ಎನ್ನುತ್ತದೆ. ಕೈಯಲ್ಲಿ ಒಂದೇ ಡೋಸಿನ ದುಡ್ಡಿದ್ದರೆ? ಆಗಲೂ ಅದನ್ನು ಹದಿನಾರು ವಾರಕ್ಕೇ ಹಾಕಿಸಿ. ಎಂಟನೇ ವಾರಕ್ಕೆ ಒಂದು ಚುಚ್ಚಿಸಿ ನಿಶ್ಚಿಂತರಾದವರ ಮರಿ ಪಾರ್ವೊಗೆ ರಕ್ತಭೇದಿಯಾಗಿ ಸತ್ತದ್ದನ್ನು ನಮ್ಮ ಓಣಿಯಲ್ಲೇ ನೋಡಿದ್ದೇನೆ. ಸಲೈನಿಗೇ ಲಸಿಕೆಯ ಹತ್ತು ಪಟ್ಟು ಸುರಿದಿದ್ದರು.

ಮೊದಲ ವರ್ಷ ಕೈಬಿಚ್ಚಿ ಖರ್ಚು ಮಾಡಿದರೆ ಆಮೇಲೆ ಕೈ ಹಿಡಿಯಬಹುದು. ಪಾರ್ವೊ, ಡಿಸ್ಟೆಂಪರ್, ಹೆಪಟೈಟಿಸ್‌ಗೆ ಸರಿಯಾಗಿ ಲಸಿಕೆಯಾದ ದೊಡ್ಡ ನಾಯಿಗೆ ಮೂರು ವರ್ಷಕ್ಕಿಂತ ಬೇಗ ಮರುಲಸಿಕೆ ಬೇಡವೆಂದು ಅದೇ ಸಂಘ ಹೇಳುತ್ತದೆ. ಲೆಪ್ಟೊ ಹಾಗಲ್ಲ, ಅದರ ರಕ್ಷಣೆ ವರ್ಷದ ಮಾತು. ಇಲಿಯ ಮೂತ್ರ ಬೆರೆತ ಕೆಸರು ನೀರಿನಿಂದ ಬರುವ ಆ ರೋಗ ಮನುಷ್ಯರಿಗೂ ಅಂಟುತ್ತದೆ, ತುಂಗಭದ್ರೆಯ ಕಡೆ ಗದ್ದೆ ಇದ್ದವರು ಅದನ್ನು ಬಿಡಬಾರದು. ತೊಡಕೆಂದರೆ ನಮ್ಮ ಕಡೆ ಲೆಪ್ಟೊ ಒಂದನ್ನೇ ಕೊಡುವವರು ಅಪರೂಪ. ಕೇಳಿದರೆ ಎಲ್ಲ ಸೇರಿದ ಬಾಟಲಿಯನ್ನೇ ಎತ್ತುತ್ತಾರೆ. ವೈದ್ಯರ ಹತ್ತಿರ ಬಾಯಿಬಿಟ್ಟು ಕೇಳಲು ಸಂಕೋಚ ಬೇಡ. ಬೀಜದಂಗಡಿಯಲ್ಲಿ ತಳಿ, ಲಾಟ್ ನಂಬರು ಕೇಳಿ ಜಗಳಾಡುವವರು ನಾವು.

ಲಸಿಕೆ ಇರಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ರಾಣೆಬೆನ್ನೂರಿನಲ್ಲಿ ಕೊಂಡು ಏಪ್ರಿಲ್ ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟು ತಂದರೆ ದುಡ್ಡು ನೀರಿಗೆ ಹಾಕಿದಂತೆಯೇ. ಮಂಜುಗಡ್ಡೆಗೆ ಒತ್ತಿ ಇಡುವುದೂ ತಪ್ಪು, ರೇಬೀಸ್ ಲಸಿಕೆ ಹೆಪ್ಪುಗಟ್ಟಿದರೆ ಕೆಡುತ್ತದೆ. ನಾನಂತೂ ಕರಿಯನನ್ನೇ ಆಸ್ಪತ್ರೆಗೆ ಒಯ್ಯುತ್ತೇನೆ. ಬಾಟಲಿಯ ಚೀಟಿಯನ್ನು ಕಾರ್ಡಿಗೆ ಅಂಟಿಸಿ ಕೊಡುತ್ತಾರೆ, ಬ್ಯಾಚು, ಮುಗಿಯುವ ದಿನಾಂಕ ಎಲ್ಲ ಅದರಲ್ಲಿರುತ್ತದೆ.

ಡಿಸ್ಟೆಂಪರ್ ಬಗ್ಗೆ ಇನ್ನೊಂದು ಮಾತು. ನಮ್ಮ ತಾಲ್ಲೂಕಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ತೋಳ, ನರಿಗಳಿವೆ. ನಾಯಿಯಿಂದ ಅವಕ್ಕೂ ಆ ರೋಗ ದಾಟುತ್ತದೆ. 2018ರಲ್ಲಿ ಗಿರ್ ಕಾಡಿನ ಸಿಂಹಗಳು ಸತ್ತಾಗ ಅವುಗಳಲ್ಲಿ ಕಂಡದ್ದು ಇದೇ ವೈರಸ್ಸು.

ದೇವರಗುಡ್ಡದ ಮಾಲತೇಶನ ಜಾತ್ರೆಯಲ್ಲಿ ದೇವರ ಭಕ್ತರಾದ ಗೊರವಯ್ಯಗಳು ನಾಯಿಯಂತೆ ಬೊಗಳಿ, ದೋಣಿ ಎಂಬ ಪಾತ್ರೆಯಲ್ಲಿನ ಪ್ರಸಾದಕ್ಕೆ ಬಾಯಿ ಹಾಕುವಾಗ ಕೈ ಮುಗಿಯುತ್ತೇವೆ. ಊರಿನ ಕಂತ್ರಿಗಳ ಹತ್ತಿರ ಮಾತ್ರ ಯಾರೂ ಸುಳಿಯುವುದಿಲ್ಲ. ಆದರೆ ಊರಿನ ನೂರು ನಾಯಿಗಳಲ್ಲಿ ಎಪ್ಪತ್ತಕ್ಕಾದರೂ ಲಸಿಕೆಯಾಗದೆ ರೇಬೀಸಿನ ಸರಪಳಿ ಕಡಿಯುವುದಿಲ್ಲ. ಕರಿಯನೊಬ್ಬನಿಗೆ ಹಾಕಿಸಿದರೆ ನನ್ನ ಖರ್ಚಿನ ಅರ್ಧ ಫಲವೇ ಸಿಕ್ಕಂತೆ. ಗೋವಾದಲ್ಲಿ ಬೀದಿನಾಯಿಗಳನ್ನು ಬಲೆ ಹಾಕಿ ಹಿಡಿದು ವರ್ಷವರ್ಷವೂ ಚುಚ್ಚುತ್ತ ಬಂದು ಮನುಷ್ಯರ ಸಾವನ್ನು ಬಹುಮಟ್ಟಿಗೆ ತಡೆದಿದ್ದಾರೆ. ನಮ್ಮ ಓಣಿಗೆ ಅಷ್ಟೇನೂ ಬೇಡ. ಹತ್ತೆಂಟು ನಾಯಿ, ರೊಟ್ಟಿ ಹಾಕುವವರು ಕರೆದರೆ ಬಂದು ನಿಲ್ಲುವಂಥವು. ಮನೆಗೆ ನೂರು ರೂಪಾಯಿ ಬಿದ್ದರೆ ಮುಗಿಯುವ ಕೆಲಸ. ಗಣಪತಿ ಪಟ್ಟಿ ಎತ್ತುವಾಗಲೇ ಇದಕ್ಕೂ ಒಂದು ಕಲಂ ಇರಲಿ ಎಂದು ಹುಡುಗರ ಮುಂದೆ ಹೇಳಿದ್ದೇನೆ. ಇಬ್ಬರು ಹೂಂ ಅಂದರು. ಮೂರನೆಯವನು, ಮೊದಲು ಡಿಜೆಯ ಅಡ್ವಾನ್ಸು ಕೊಟ್ಟು ಆಮೇಲೆ ನೋಡೋಣ ಅಂದ.