ನೂರು ಆಟಕ್ಕೆ ಸಿಗದ ಸರಾಸರಿ

ಬ್ಲ್ಯಾಕ್‌ಜಾಕ್ ಮೇಜಿನಲ್ಲಿ ಡೀಲರ್ ಹುಡುಗಿಯ ಮುಂದೆ ಆರು ಬಿದ್ದಿತ್ತು. ನನ್ನ ಹತ್ತಿರ ರಾಜ ಮತ್ತು ಹತ್ತು, ಒಟ್ಟು ಇಪ್ಪತ್ತು. ಅವಳು ಎಲೆ ತಿರುವಿದಳು: ಒಂಬತ್ತು. ಹದಿನೈದಾಯಿತು. ಹದಿನಾರರವರೆಗೆ ಅವಳು ಮತ್ತೊಂದು ಎಲೆ ಎಳೆಯಲೇಬೇಕು, ಇಪ್ಪತ್ತೊಂದು ದಾಟಿದರೆ ಸೋಲು. ಹತ್ತು, ಗುಲಾಮ, ರಾಣಿ, ರಾಜ ಇವುಗಳೇ ಹೆಚ್ಚು ಉಳಿದಿವೆ ಎಂದು ನನ್ನ ಲೆಕ್ಕ ಹೇಳುತ್ತಿತ್ತು. ಬಂದದ್ದು ಆರು. ಇಪ್ಪತ್ತೊಂದು. ನನ್ನ ಐದು ಸಾವಿರ ಹೋಯಿತು.

ಇದು 2019ರ ಡಿಸೆಂಬರ್, ಪಣಜಿಯಲ್ಲಿ ಮಾಂಡವಿ ನದಿಯ ಮೇಲೆ ನಿಂತ ಒಂದು ಕ್ಯಾಸಿನೊ ಹಡಗಿನಲ್ಲಿ. ಭತ್ತ ಮಾರಿದ ಗೆಳೆಯರು ಮೂವರು ಹೊರಟಿದ್ದರು. ಸಿಂಧನೂರಿನಲ್ಲಿ ಪಿಯು ಹುಡುಗರಿಗೆ ಗಣಿತ ಹೇಳುವ ನಾನೂ ಜೊತೆಗೂಡಿದೆ. ಎಲೆ ಎಣಿಸುವುದನ್ನು ಆರು ತಿಂಗಳು ಅಭ್ಯಾಸ ಮಾಡಿದ್ದೆ. ಎಡ್ವರ್ಡ್ ಥಾರ್ಪ್ ಎಂಬ ಗಣಿತಜ್ಞ ಐಬಿಎಂ 704 ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಬ್ಲ್ಯಾಕ್‌ಜಾಕ್‌ನಲ್ಲಿ ಆಟಗಾರನೇ ಮೇಲುಗೈ ಪಡೆಯಬಹುದೆಂದು 1962ರಲ್ಲಿ ಪುಸ್ತಕ ಬರೆದ. ಅದರಿಂದ ಬೆಳೆದ ಸರಳ ವಿಧಾನ ಹೀಗೆ: ಎರಡರಿಂದ ಆರರವರೆಗಿನ ಎಲೆ ಹೋದರೆ ಒಂದು ಕೂಡು, ಹತ್ತು, ಚಿತ್ರದೆಲೆ, ಎಕ್ಕ ಹೋದರೆ ಒಂದು ಕಳೆ, ಉಳಿದವಕ್ಕೆ ಸೊನ್ನೆ. ಬಂದ ಮೊತ್ತವನ್ನು ಉಳಿದ ಕಟ್ಟುಗಳಿಂದ ಭಾಗಿಸಬೇಕು. ಭಾಗಲಬ್ಧ ಏರಿದಾಗ ಹೆಚ್ಚು ಹಣ ಕಟ್ಟಬೇಕು.

ಮೊದಲ ಮೇಜಿನಲ್ಲೇ ಅದು ಕೈಕೊಟ್ಟಿತ್ತು. ಅಲ್ಲಿ ಆಡಿದ ಎಲೆಗಳನ್ನು ಆಗಿಂದಾಗಲೇ ಒಂದು ಯಂತ್ರಕ್ಕೆ ಹಾಕುತ್ತಿದ್ದರು, ಅದು ಕಲಸುತ್ತಲೇ ಇರುತ್ತಿತ್ತು. ಹೋದ ಎಲೆ ತಿರುಗಿ ಬರುವಲ್ಲಿ ಎಣಿಸಿ ಏನು ಮಾಡುವುದು? ಎರಡನೆಯ ಮೇಜಿನಲ್ಲಿ ಆರು ಕಟ್ಟುಗಳನ್ನು ಕೈಯಲ್ಲೇ ಕಲಸುತ್ತಿದ್ದರು. ಆದರೆ ಅರ್ಧ ಮುಗಿಯುತ್ತಲೇ ಮತ್ತೆ ಕಲಸು. ಎಣಿಕೆಗೆ ಬೆಲೆ ಬರುವುದೇ ಕೊನೆಯ ಕಟ್ಟುಗಳಲ್ಲಿ, ಅವು ಮೇಜಿಗೆ ಬರುತ್ತಲೇ ಇರಲಿಲ್ಲ.

ರಾತ್ರಿ ಮುಗಿಯುವಾಗ ತಂದಿದ್ದ ನಲವತ್ತು ಸಾವಿರದಲ್ಲಿ ಮೂವತ್ತನಾಲ್ಕು ಹೋಗಿತ್ತು. ಎಲ್ಲಿ ತಪ್ಪಿದೆ ಎಂದು ಹುಬ್ಬಳ್ಳಿ ದಾಟಿ ಗದಗಿನವರೆಗೂ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಎಣಿಕೆ ತಪ್ಪಿರಲಿಲ್ಲ. ಚೆನ್ನಾಗಿ ಎಣಿಸುವವನಿಗೂ ಸಿಗುವ ಮೇಲುಗೈ ಸುಮಾರು ಶೇ. 1, ಅಂದರೆ ಸಾವಿರ ಕಟ್ಟಿದ ಒಂದು ಆಟಕ್ಕೆ ಹತ್ತು ರೂಪಾಯಿ. ಒಂದು ರಾತ್ರಿಯ ಮುನ್ನೂರು ಆಟಕ್ಕೆ ಸರಾಸರಿ ಮೂರು ಸಾವಿರ ಲಾಭ. ಆದರೆ ಅದೇ ಮುನ್ನೂರು ಆಟಗಳ ಏರಿಳಿತ ಆಚೆಗೂ ಈಚೆಗೂ ಇಪ್ಪತ್ತು ಸಾವಿರ. ಹತ್ತು ಸಾವಿರ ಆಟ ಆಡಿದ ಮೇಲೂ ಐದು ಎಣಿಕೆಗಾರರಲ್ಲಿ ಒಬ್ಬ ನಷ್ಟದಲ್ಲೇ ಇರುತ್ತಾನೆ. ಸರಾಸರಿ, ಏರಿಳಿತ ಎರಡನ್ನೂ ನಾನು ವರ್ಷವರ್ಷ ಬೋರ್ಡಿನ ಮೇಲೆ ಬರೆದವನು. ಸರಾಸರಿ ಕೈಗೆ ಬರುವ ಮೊದಲೇ ಕೈಗಂಟು ಕರಗಬಹುದು ಎಂಬುದನ್ನು ಒಬ್ಬ ಹುಡುಗನಿಗೂ ಹೇಳಿಕೊಟ್ಟಿರಲಿಲ್ಲ. ಅದು ಈಗಲೂ ನನ್ನನ್ನು ಕೊರೆಯುತ್ತದೆ.

ನಮ್ಮ ಕಡೆ ಯಾರೂ ಬ್ಲ್ಯಾಕ್‌ಜಾಕ್ ಆಡುವುದಿಲ್ಲ. ಇಲ್ಲಿ ಅಂದರ್-ಬಾಹರ್: ಜೋಕರ್ ಎಂದು ಒಂದು ಎಲೆ ತೆರೆದಿಟ್ಟು, ಅದರ ಜೋಡಿ ಬೀಳುವವರೆಗೆ ಒಳಗೆ, ಹೊರಗೆ ಎಂಬ ಎರಡು ಬದಿಗೆ ಸರದಿಯಂತೆ ಒಂದೊಂದೇ ಎಲೆ ಹಾಕುವ ಆಟ. ಪಂಚಮಿಗೂ ದೀಪಾವಳಿಗೂ ಅದು ಜೋರು. ಕರ್ನಾಟಕ ಪೊಲೀಸ್ ಕಾಯ್ದೆ 1963ರ 87ನೇ ಕಲಮಿನಡಿ ಕೇಸು ಬೀಳುತ್ತಲೇ ಇರುತ್ತದೆ, ಆಟವೂ ನಡೆಯುತ್ತಲೇ ಇರುತ್ತದೆ. ಆಮೇಲಿನ ಒಂದು ವರ್ಷದ ಪಂಚಮಿಗೆ, ಮಸ್ಕಿ ಹತ್ತಿರ ನಾಲ್ಕೆಕರೆ ಗದ್ದೆ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗೊಬ್ಬರ ಒಯ್ಯಲು ಊರಿಗೆ ಬಂದವನು ಮನೆಗೂ ಬಂದ. ಕೈಯಲ್ಲಿ ಒಂದು ಚೀಟಿ, ಅದರ ತುಂಬ ಒ, ಹೊ, ಒ, ಒ ಎಂದು ಗುರುತು.

"ಐದು ಸಲ ಒಳಗ ಬಿದ್ದೈತ್ರಿ ಸರ್. ಈಗ ಹೊರಗ ಬೀಳಬೇಕ್ರಿ."

"ಪ್ರತಿ ಸಲ ಎಲಿ ಕಲಸ್ತಾರಲ್ಲೋ? ಹಿಂದಿಂದು ಅದಕ್ಕೇನು ನೆನಪಿರತೈತಿ?"

ಅವನಿಗೆ ಲೆಕ್ಕ ಬಿಡಿಸಿದೆ. ಜೋಕರ್ ಒಂಬತ್ತು ಬಂದರೆ ಉಳಿದ 51 ಎಲೆಗಳಲ್ಲಿ ಮೂರು ಒಂಬತ್ತು. ಅವು ಕೂರುವ ಬಗೆ 20,825. ಮೊದಲ ಒಂಬತ್ತು ಬೆಸ ಸ್ಥಾನದಲ್ಲಿ ಬರುವುದು 10,725ರಲ್ಲಿ. ಹಾಗಾಗಿ ಮೊದಲ ಎಲೆ ಬೀಳುವ ಬದಿಗೆ ಶೇ. 51.5, ಇನ್ನೊಂದಕ್ಕೆ ಶೇ. 48.5. ಇಡೀ ಆಟದಲ್ಲಿ ಲೆಕ್ಕಕ್ಕೆ ಸಿಗುವ ಅಂತರ ಇಷ್ಟೇ. ಆಡಿಸುವವನು ಗೆದ್ದ ನೂರಕ್ಕೆ ಹತ್ತು ಮುರಿದುಕೊಂಡರೆ ಅದೂ ಹೋಗಿ, ಕಟ್ಟಿದ ಪ್ರತಿ ನೂರಕ್ಕೆ ಎರಡು ರೂಪಾಯಿಯ ಮೇಲೆ ಕೈಬಿಡುತ್ತದೆ.

ಅವನು ನಂಬಲಿಲ್ಲ. "ಹಾಕಿ ನೋಡೋಣ್ರಿ" ಅಂದ. ಚಾಪೆ ಹಾಸಿ ಕುಳಿತೆವು. ನಾನು ಕಲಸುವುದು, ಅವನು ಹಾಕುವುದು, ಗೋಡೆಯ ಕ್ಯಾಲೆಂಡರಿನ ಹಿಂಬದಿ ಗೀಟು ಎಳೆಯುವುದು. ನೂರು ಆಟಕ್ಕೆ ಸಂಜೆಯಾಯಿತು. ಎಣಿಸಿದರೆ ಮೊದಲ ಬದಿಗೆ 47, ಇನ್ನೊಂದಕ್ಕೆ 53.

"ಲೆಕ್ಕ ಉಲ್ಟಾ ಆತಲ್ರಿ ಸರ್."

ಆಗಿರಲಿಲ್ಲ. ನೂರು ಆಟದಲ್ಲಿ ಐದು ಆಚೀಚೆ ಆಗುವುದು ಮಾಮೂಲು. ನೂರಕ್ಕೆ ಐವತ್ತರ ಮೇಲಿನ ಆ ಒಂದೂವರೆ ಕಣ್ಣಿಗೆ ಕಾಣಬೇಕಾದರೆ ನಾಲ್ಕೂವರೆ ಸಾವಿರ ಆಟವಾದರೂ ಬೇಕು ಎಂದೆ. ಅವನು ಸ್ವಲ್ಪ ಹೊತ್ತು ಗೀಟುಗಳನ್ನೇ ನೋಡಿದ. ಆಮೇಲೆ ಅಂಗಿಯ ಕಿಸೆಯಿಂದ ಗೊಬ್ಬರದ ದುಡ್ಡು ತೆಗೆದು ಚಾಪೆಯ ಮೇಲಿಟ್ಟು ಎಣಿಸಿದ. ಎಂಟು ಸಾವಿರ.

"ಒಂದಾಟಕ್ಕ ಐನೂರು ಕಟ್ಟತೀನ್ರಿ," ಎಂದು ತಾನೇ ಭಾಗಿಸಿದ. "ಸಾಲಾಗಿ ಹದಿನಾರು ಸೋತ್ರ ಮುಗೀತಲ್ರಿ. ನಾಲ್ಕೂವರೆ ಸಾವಿರ ಆಟದ ತನಕ ಯಾರು ಇರತಾರ್ರಿ ಸರ್?"

ಗೊಬ್ಬರದ ಅಂಗಡಿ ಇನ್ನೂ ತೆರೆದಿತ್ತು. ಅವನ ಜೊತೆ ನಾನೂ ಹೋದೆ.