ಚಳಿಗಾಲದ ರಾತ್ರಿ ಕುರಿಹಟ್ಟಿಯ ಕಾವಲು

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಕುರಿಯ ವಿಷಯವನ್ನು ಅರಿಯದವರು ಕಡಿಮೆ. ಕೊಪ್ಪಳ, ಗದಗ, ಬಾಗಲಕೋಟೆ, ವಿಜಯಪುರ, ಕಲಬುರ್ಗಿ ಕಡೆಯಿಂದ ಮುಂಬಯಿಗೆ ದುಡಿಯಲು ಬಂದವರು ನಾಲ್ಕು ಕಾಸು ಕೂಡಿದೊಡನೆ ಊರಿಗೆ ಕಳಿಸಿ, ಐದಾರು ಕುರಿಗಳನ್ನು ಕೊಂಡು, ಅಣ್ಣತಮ್ಮಂದಿರ ಹಿಂಡಿನಲ್ಲಿಯೋ ಪರಿಚಯದ ಕುರುಬರ ಹಿಂಡಿನಲ್ಲಿಯೋ ಪಾಲಿಗೆ ಬಿಡುವುದುಂಟು. ಹುಟ್ಟಿದ ಮರಿಯಲ್ಲಿ ಅರ್ಧ ಕಾಯುವವನಿಗೆ, ಅರ್ಧ ಒಡೆಯನಿಗೆ. ಬ್ಯಾಂಕಿನ ಪುಸ್ತಕವಿಲ್ಲದವನಿಗೆ ಇದೇ ಬ್ಯಾಂಕು. ಮಗಳ ಮದುವೆಗೂ ಮಗನ ಕಾಲೇಜಿಗೂ ಇದರಿಂದಲೇ ರೊಕ್ಕ ಹೊರಡಬೇಕು.

ಡಿಸೆಂಬರ್, ಜನವರಿ ಬಂತೆಂದರೆ ಊರಿನಿಂದ ಫೋನು ಬರುತ್ತದೆ. ‘ನಿನ್ನೆ ರಾತ್ರಿ ನರಿ ನುಗ್ಗಿತು, ಮರಿಗಳು ಹೋದವು’ ಎಂದೋ, ‘ತೋಳ ಬಿದ್ದು ಏಳು ಕುರಿ ಸತ್ತವು’ ಎಂದೋ ಸುದ್ದಿ. ಅದರ ಹಿಂದೆಯೇ ‘ಔಷಧಿ ಇಡಬೇಕು, ಸ್ವಲ್ಪ ರೊಕ್ಕ ಕಳಿಸು’ ಎಂಬ ಮಾತೂ ಬರುತ್ತದೆ. ಆ ರೊಕ್ಕವನ್ನು ಕಳಿಸುವ ಮೊದಲು ಈ ಪಾಠವನ್ನು ಒಮ್ಮೆ ಓದಬೇಕೆಂದು ವಿನಂತಿ.

ಮೊದಲು, ಬಂದದ್ದು ಯಾರು? ನಮ್ಮ ಹಳ್ಳಿಗಳಲ್ಲಿ ನರಿ ಎಂಬ ಒಂದೇ ಹೆಸರಿನಲ್ಲಿ ಎರಡು ಪ್ರಾಣಿಗಳನ್ನು ಕರೆಯುತ್ತೇವೆ. ಒಂದು, ಬಾಲದ ತುದಿ ಕಪ್ಪಾಗಿರುವ, ಎರಡು ಮೂರು ಕಿಲೋ ತೂಗುವ ಸಣ್ಣ ನರಿ. ಇದು ಬಯಲಿನಲ್ಲಿ ಬಿಲ ಮಾಡಿಕೊಂಡು ಇಲಿ, ಗೆದ್ದಲು, ಮಿಡತೆ, ಏಡಿ, ಬೋರೆ ಹಣ್ಣು ತಿಂದು ಬದುಕುತ್ತದೆ. ಬೆಳೆದ ಕುರಿಯನ್ನು ಕೊಲ್ಲುವ ಶಕ್ತಿ ಇದಕ್ಕಿಲ್ಲ. ಹೊಲದ ಇಲಿ ತಿನ್ನುವುದರಿಂದ ರೈತನಿಗೆ ಇದು ಉಪಕಾರಿಯೇ. ಇನ್ನೊಂದು, ಸಂಜೆ ಗುಂಪುಗೂಡಿ ಊಳಿಡುವ ದೊಡ್ಡ ನರಿ. ಎಂಟು ಹತ್ತು ಕಿಲೋ ತೂಗುವ ಇದು ಎಳೆಯ ಮರಿಯನ್ನು ಎತ್ತಬಲ್ಲದು, ಆದರೆ ಟಗರಿನ ಗೊಡವೆಗೆ ಹೋಗದು. ಬೆಳೆದ ಕುರಿಯ ಕುತ್ತಿಗೆ ಹಿಡಿಯುವುದು ತೋಳ. ಮಲೆನಾಡಿನ ಅಂಚಿನಲ್ಲಿ ಚಿರತೆಯೂ ಉಂಟು.

ಇವೆಲ್ಲಕ್ಕಿಂತ ಹೆಚ್ಚು ಮರೆತುಹೋಗುವ ಕಳ್ಳನೆಂದರೆ ಊರ ನಾಯಿ. ಬೀದಿ ನಾಯಿಗಳು ಮೂರು ನಾಲ್ಕು ಸೇರಿದರೆ ರಾತ್ರಿಯಲ್ಲಿ ಹಿಂಡಿನ ಮೇಲೆ ಬೀಳುತ್ತವೆ. ಅವು ಹಸಿವಿಗಿಂತ ಆಟಕ್ಕೆ ಕಚ್ಚುವುದು ಹೆಚ್ಚು. ಹಿಂಗಾಲು, ತೊಡೆ, ಕಿವಿ ಹರಿದು, ತಿನ್ನದೆ ಬಿಟ್ಟು ಹೋದ ಕುರಿಗಳು ಹಲವು ಕಂಡರೆ ನಾಯಿಯ ಕೆಲಸವೆಂದು ಶಂಕಿಸಬೇಕು. ತೋಳ, ಚಿರತೆಗಳು ಗಂಟಲಿಗೇ ಬಾಯಿ ಹಾಕಿ, ಸಾಧ್ಯವಾದರೆ ಹೊತ್ತೊಯ್ಯುತ್ತವೆ. ಆದರೂ ಮುಚ್ಚಿದ ಹಟ್ಟಿಯೊಳಗೆ ತೋಳ ಸಿಕ್ಕಿಕೊಂಡು, ಕುರಿಗಳು ಗಾಬರಿಯಿಂದ ಸುತ್ತತೊಡಗಿದರೆ, ಅದು ಒಂದಕ್ಕೆ ನಿಲ್ಲಿಸುವುದಿಲ್ಲ. ಕಚ್ಚಿ ಸತ್ತವುಗಳ ಜೊತೆಗೆ ತುಳಿದಾಡಿ ಉಸಿರುಗಟ್ಟಿ ಸಾಯುವವೂ ಇರುತ್ತವೆ. ‘ಒಂದೇ ರಾತ್ರಿ ಏಳು’ ಎಂಬ ಲೆಕ್ಕ ಬರುವುದು ಹೀಗೆ.

ಮರಿಯ ವಿಷಯದಲ್ಲಿ ಇನ್ನೊಂದು ಪರೀಕ್ಷೆಯನ್ನು ತಿಳಿದಿರಬೇಕು. ಹುಟ್ಟುವಾಗಲೇ ಸತ್ತ ಮರಿಯನ್ನೂ ಚಳಿಗೆ ಸತ್ತ ಮರಿಯನ್ನೂ ನರಿ ಬಂದು ತಿನ್ನುತ್ತದೆ. ಬೆಳಿಗ್ಗೆ ನೋಡಿದವನು ನರಿಯೇ ಕೊಂದಿತು ಎನ್ನುತ್ತಾನೆ. ಹೊಸ ಮರಿಯ ಗೊರಸಿನ ತುದಿಯಲ್ಲಿ ಮೆತ್ತನೆಯ ಪೊರೆ ಇರುತ್ತದೆ, ನಡೆದರೆ ಸವೆಯುತ್ತದೆ. ಅದು ಹಾಗೆಯೇ ಇದ್ದರೆ ಮರಿ ಎದ್ದು ನಡೆದೇ ಇಲ್ಲ. ಉಸಿರಾಡಿದ ಮರಿಯ ಶ್ವಾಸಕೋಶದ ತುಂಡು ನೀರಿನಲ್ಲಿ ತೇಲುತ್ತದೆ, ಉಸಿರಾಡದ್ದು ಮುಳುಗುತ್ತದೆ. ಹಲ್ಲಿನ ಗಾಯದ ಸುತ್ತ ಚರ್ಮ ಸುಲಿದು ನೋಡಿದಾಗ ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಜೀವವಿದ್ದಾಗಲೇ ಕಚ್ಚಿದೆ. ರಕ್ತವಿಲ್ಲದಿದ್ದರೆ ಸತ್ತ ಮೇಲೆ ತಿಂದದ್ದು. ಪಶುವೈದ್ಯರು ನೋಡುವುದೂ ಇದನ್ನೇ. ಮರಿಗಳು ಸಾಯುತ್ತಿರುವುದು ಹಾಲಿಲ್ಲದೆ, ಚಳಿಗೆ, ರೋಗಕ್ಕೆ ಎಂದು ಗೊತ್ತಾದರೆ ನರಿಯ ಹಿಂದೆ ಓಡಿ ಫಲವೇನು?

ಚಳಿಗಾಲದಲ್ಲಿಯೇ ಈ ಕಾಟ ಹೆಚ್ಚಾಗುವುದಕ್ಕೆ ಕಾರಣಗಳು ಸರಳವಾಗಿವೆ. ನಮ್ಮ ಬಯಲುಸೀಮೆಯಲ್ಲಿ ಡಿಸೆಂಬರ್ ಕೊನೆಯ ರಾತ್ರಿ ಸುಮಾರು ೧೩ ಗಂಟೆ ಉದ್ದ, ಜೂನ್ ತಿಂಗಳಲ್ಲಿ ಸುಮಾರು ೧೧. ಎಂದರೆ ಕುರಿಗಳು ಹಟ್ಟಿಯಲ್ಲಿ ಎರಡು ತಾಸು ಹೆಚ್ಚು ಇರಬೇಕು, ಕಾಯುವವನು ಎರಡು ತಾಸು ಹೆಚ್ಚು ಎಚ್ಚರವಿರಬೇಕು. ಇದೇ ಹೊತ್ತಿಗೆ ಹಿಂಡಿನಲ್ಲಿ ಮರಿಗಳು ಹುಟ್ಟುತ್ತಿರುತ್ತವೆ. ತೋಳವೂ ಬಹುಮಟ್ಟಿಗೆ ಈ ಋತುವಿನಲ್ಲಿಯೇ ಮರಿ ಹಾಕುತ್ತದೆ. ಅದಕ್ಕೂ ಬಿಲದಲ್ಲಿ ಬಾಯಿಗಳಿವೆ. ಹಿಂಗಾರಿ ಜೋಳ ಆಳೆತ್ತರ ನಿಂತಿರುವುದರಿಂದ ಪ್ರಾಣಿಗಳು ಹೊಲದ ಬದುವಿನವರೆಗೆ ಕಾಣದಂತೆ ಬರಬಲ್ಲವು.

ಈಗ ಔಷಧಿಯ ಮಾತು. ಔಷಧಿ ಎಂದು ನಯವಾಗಿ ಹೇಳುವುದು ಹೊಲಕ್ಕೆ ಹಾಕುವ ಕ್ರಿಮಿನಾಶಕ. ಸತ್ತ ಕುರಿಯ ಮಾಂಸದಲ್ಲಿ ಬೆರೆಸಿ ಇಡುತ್ತಾರೆ. ಅದನ್ನು ಮೊದಲು ತಿನ್ನುವುದು ಯಾರು? ಹಟ್ಟಿಗೆ ಅತಿ ಹತ್ತಿರವಿರುವ ನಾಯಿ, ಎಂದರೆ ನಿಮ್ಮದೇ ಕಾವಲು ನಾಯಿ. ಆಮೇಲೆ ಕಾಗೆ, ಹದ್ದು, ರಣಹದ್ದು. ತೋಳ ತಿಂದರೂ ತಿಂದೀತು, ಬಿಟ್ಟರೂ ಬಿಟ್ಟೀತು. ಕಾವಲು ನಾಯಿ ಸತ್ತ ಹಟ್ಟಿಗೆ ಮರುರಾತ್ರಿ ತೋಳ ಬಂದರೆ ಬೊಗಳುವವರು ಯಾರೂ ಇರುವುದಿಲ್ಲ. ಬಿಲಕ್ಕೆ ಹೊಗೆ ಹಾಕಿ ಮರಿಗಳನ್ನು ಕೊಲ್ಲುವ ಪದ್ಧತಿಯೂ ಉಂಟು. ತೆರವಾದ ಜಾಗಕ್ಕೆ ಮತ್ತೊಂದು ಜೋಡಿ ಬರುವುದನ್ನು ಅದು ತಡೆಯಲಾರದು. ‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಎಂಬ ಗಾದೆ ಹುಟ್ಟಿದ ಕಾಲ ಬೇರೆ. ಬ್ರಿಟಿಷರ ಆಳಿಕೆಯಲ್ಲಿ ಕೊಂದ ತೋಳಕ್ಕೆ ಬಹುಮಾನ ಕೊಡುತ್ತಿದ್ದರು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಬಹುಮಾನದ ಜಾಗದಲ್ಲಿ ಸೆರೆಮನೆ ಇದೆ. ತೋಳ ಮೊದಲನೆಯ ಅನುಸೂಚಿಯಲ್ಲಿದೆ; ೨೦೨೨ರ ತಿದ್ದುಪಡಿಯ ನಂತರ ಎರಡು ಬಗೆಯ ನರಿಗಳೂ ಅದರಲ್ಲಿ ಸೇರಿವೆ. ಕೊಂದವನಿಗೆ ಕನಿಷ್ಠ ೩ ವರ್ಷ, ಹೆಚ್ಚೆಂದರೆ ೭ ವರ್ಷ ಸೆರೆ. ದಂಡ ೨೫,೦೦೦ ರೂಪಾಯಿಗೆ ಕಡಿಮೆಯಿಲ್ಲ. ಏಳು ಕುರಿ ಹೋದ ದುಃಖದಲ್ಲಿ ತಮ್ಮನು ಜೈಲಿಗೆ ಹೋದರೆ ಉಳಿದ ಕುರಿಗಳನ್ನು ಕಾಯುವವರು ಯಾರು?

ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗಾಗಿ ೩೩೨ ಹೆಕ್ಟೇರಿನ ವನ್ಯಧಾಮವೇ ಆಗಿದೆ. (ನವಿಲುಗಳಿಗೆ ಹೆಸರಾದ ಹಾವೇರಿ ಜಿಲ್ಲೆಯ ಬಂಕಾಪುರ ಬೇರೆ.) ಆ ಕಡೆಯ ಬಂಧುಗಳು ತೋಳವಿಲ್ಲದ ಕಾಲ ಬಂದೀತೆಂದು ಕಾಯುವುದಕ್ಕಿಂತ ಹಟ್ಟಿಯನ್ನು ಬಲಪಡಿಸುವುದು ಮೇಲು.

ಪ್ರಾಣಿಯನ್ನು ಹಿಡಿದು ದೂರ ಬಿಟ್ಟರಾಗದೇ ಎಂದು ಕೆಲವರು ಕೇಳುತ್ತಾರೆ. ಇದಕ್ಕೆ ಉತ್ತರ ನಮ್ಮ ಬೊರಿವಲಿಯ ಮಗ್ಗುಲಲ್ಲಿಯೇ ಇದೆ. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ೧೦೪ ಚದರ ಕಿಲೋಮೀಟರಿನಲ್ಲಿ, ೨೦೧೫ರ ಕ್ಯಾಮೆರಾ ಎಣಿಕೆಯಂತೆ, ೩೫ ಚಿರತೆಗಳಿದ್ದವು. ೨೦೧೮ರಲ್ಲಿ ೪೭ ಕಂಡವು. ೨೦೦೪ರಲ್ಲಿ ಉದ್ಯಾನದ ಸುತ್ತ ಚಿರತೆಗಳು ಹಲವು ಜನರನ್ನು ಕೊಂದುದು ಹಳಬರಿಗೆ ನೆನಪಿರಬಹುದು. ಬೇರೆ ಕಡೆ ಹಿಡಿದ ಚಿರತೆಗಳನ್ನು ತಂದು ಇಲ್ಲಿ ಬಿಟ್ಟದ್ದೂ ಅದಕ್ಕೆ ಒಂದು ಕಾರಣವೆಂದು ವನ್ಯಜೀವಿ ಶಾಸ್ತ್ರಜ್ಞರು ಹೇಳಿದರು. ಪುಣೆ ಜಿಲ್ಲೆಯ ಜುನ್ನರದಲ್ಲಿ ವಿದ್ಯಾ ಆತ್ರೇಯ ಅವರು ನಡೆಸಿದ ಅಧ್ಯಯನದಲ್ಲಿಯೂ ಹೀಗೆಯೇ ಕಂಡುಬಂತು. ಗುರುತಿಲ್ಲದ ನೆಲದಲ್ಲಿ ಬಿಟ್ಟ ಪ್ರಾಣಿ ಹೆಚ್ಚು ಕೇಡು ಮಾಡುತ್ತದೆ. ಚಿರತೆಗಳು ಅಂದಿಗಿಂತ ಕಡಿಮೆಯಾಗದೆಯೂ ಸಾವುಗಳು ಕಡಿಮೆಯಾದುದಕ್ಕೆ ಈ ಪದ್ಧತಿಯನ್ನು ನಿಲ್ಲಿಸಿದ್ದು, ಜನರು ಕಸ ತೆಗೆದು, ದೀಪ ಹಾಕಿ, ಮಕ್ಕಳನ್ನು ಕತ್ತಲಲ್ಲಿ ಒಂಟಿಯಾಗಿ ಬಿಡದೆ ಇದ್ದದ್ದು ನೆರವಾದವು. ಪಾಡಾಗಳಲ್ಲಿ ಮೇಕೆ ಸಾಕಿರುವ ನಮ್ಮವರಿಗೂ ಮುಂದಿನ ಮಾತುಗಳು ಅನ್ವಯಿಸುತ್ತವೆ. ಚಿರತೆ ಹತ್ತಬಲ್ಲದಾದ್ದರಿಂದ ಅವರ ದೊಡ್ಡಿಗೆ ಮೇಲ್ಛಾವಣಿಯೂ ಬೇಕು.

ಹಟ್ಟಿಯನ್ನು ಉತ್ತರದ ಕಡೆ ದಡ್ಡಿ ಎನ್ನುತ್ತಾರೆ, ಚಿತ್ರದುರ್ಗದ ಕಡೆ ರೊಪ್ಪ ಎನ್ನುತ್ತಾರೆ. ಹೆಸರು ಏನಿದ್ದರೂ, ಜಾಲಿಯ ಮುಳ್ಳಿನಿಂದ ಕಟ್ಟುವುದಾದರೆ ಕೊಂಬೆಯ ಬುಡ ಒಳಗೆ, ಮುಳ್ಳಿನ ತಲೆ ಹೊರಗೆ ಇರಬೇಕು. ಆಗ ಹೊರಗಿನಿಂದ ಎಳೆದ ಪ್ರಾಣಿಗೆ ಮುಳ್ಳೇ ಸಿಗುತ್ತದೆ, ಸಡಿಲವಾದುದನ್ನು ಒಳಗಿನಿಂದ ಎಳೆದು ಬಿಗಿ ಮಾಡಬಹುದು. ಬಾಗಿಲಿನ ಜಾಗವೇ ಸಾಮಾನ್ಯವಾಗಿ ದುರ್ಬಲ. ಅಲ್ಲಿ ಒಂದು ಕೊಂಬೆ ಅಡ್ಡ ಇಟ್ಟು ಮಲಗುತ್ತಾರೆ. ನಿಂತ ಊರಿನಲ್ಲಿ ತಂತಿ ಜಾಲರಿ ಹಾಕಿದರೆ ಬುಡವನ್ನು ಮಣ್ಣಿನೊಳಗೆ ಹೂಳಬೇಕು, ಇಲ್ಲವೆ ಕಲ್ಲು ಪೇರಿಸಬೇಕು. ನಾಯಿ, ನರಿಗಳು ಕೆರೆದು ನುಸುಳುತ್ತವೆ. ಹೊಲದಿಂದ ಹೊಲಕ್ಕೆ ಹೋಗುತ್ತ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುವವರು ನೈಲಾನ್ ಬಲೆ ಕಟ್ಟುತ್ತಾರೆ. ಬಲೆ ಕುರಿಯನ್ನು ತಡೆಯುತ್ತದೆಯೇ ಹೊರತು ತೋಳವನ್ನಲ್ಲ. ಕುರಿ ಬೆದರಿ ಬಲೆಯನ್ನೇ ಕೆಡವಿ ಹೊರಗೆ ಓಡಿದರೆ ತೋಳಕ್ಕೆ ಬೇಕಾದದ್ದು ಅದೇ. ಬಲೆ ಇದ್ದಲ್ಲಿ ಮನುಷ್ಯರು ಮೂಲೆಗಳಲ್ಲಿ ಹಂಚಿ ಮಲಗಬೇಕು, ಎಲ್ಲರೂ ಒಂದೇ ಗಾಡಿಯ ಬಳಿ ಕಂಬಳಿ ಹೊದ್ದು ಮಲಗಬಾರದು. ಜೋಳ ನಿಂತ ಹೊಲದ ಅಂಚನ್ನು ಬಿಟ್ಟು ಬಯಲಿನ ನಡುವೆ ಹಟ್ಟಿ ಹಾಕಬೇಕು.

ಸಂಜೆ ಎಣಿಕೆ ತಪ್ಪಬಾರದು. ಹಟ್ಟಿಯೊಳಗೆ ನುಗ್ಗಿ ಕೊಲ್ಲುವುದಕ್ಕಿಂತ ಹೊರಗೆ ಉಳಿದ ಒಂಟಿ ಕುರಿಯನ್ನು ಹಿಡಿಯುವುದು ಯಾವ ಪ್ರಾಣಿಗೂ ಸುಲಭ. ಈಯುವ ಕುರಿ ಹಿಂಡಿನಿಂದ ಹಿಂದೆ ಬೀಳುತ್ತದೆ; ಅದನ್ನು ಮಧ್ಯಾಹ್ನವೇ ಗುರುತಿಸಿ ಹಟ್ಟಿಗೆ ಹತ್ತಿರ ಮೇಯಿಸಬೇಕು. ಈದಾಗ ಬಿದ್ದ ಮಾಸನ್ನು ಆಳವಾಗಿ ಹೂಳಬೇಕು, ಅದರ ವಾಸನೆಯೇ ನರಿಗೆ ಕರೆಯೋಲೆ. ಎಳೆಯ ಮರಿಗಳನ್ನು ದೊಡ್ಡ ಬುಟ್ಟಿಯಡಿಯಲ್ಲಿ ಹಾಕಿ ಮೇಲೆ ಕಲ್ಲು ಹೇರುವ ಹಳೆಯ ಪದ್ಧತಿ ಎರಡು ಕೆಲಸ ಮಾಡುತ್ತದೆ: ಚಳಿಯೂ ತಡೆಯುತ್ತದೆ, ನರಿಯೂ ತಡೆಯುತ್ತದೆ.

ನಾಯಿಯ ವಿಷಯದಲ್ಲಿ ಒಂದು ಭ್ರಮೆ ಇದೆ. ನಮ್ಮ ಮುಧೋಳ ನಾಯಿಗೆ ೨೦೦೫ರಲ್ಲಿ ಅಂಚೆ ಚೀಟಿಯ ಗೌರವವೂ ದೊರೆಯಿತು; ಅದು ಹೆಮ್ಮೆಯ ಮಾತೇ. ಆದರೆ ಅದು ಕಣ್ಣಿನಿಂದ ನೋಡಿ ಬೆನ್ನಟ್ಟುವ ಬೇಟೆಯ ತಳಿ. ಕತ್ತಲಲ್ಲಿ ಹಟ್ಟಿ ಬಿಟ್ಟು ಅದು ಅಟ್ಟಿಕೊಂಡು ಹೋದರೆ ಹಿಂದೆ ಹಟ್ಟಿ ಬರಿದು. ಹೆಚ್ಚು ಹಣ ಕೊಟ್ಟು ಅದನ್ನು ತರುವುದಕ್ಕಿಂತ, ಕಣ್ಣು ಬಿಟ್ಟ ದಿನಗಳಿಂದ ಕುರಿಗಳ ನಡುವೆಯೇ ಬೆಳೆಸಿದ ಎರಡು ಮೂರು ನಾಟಿ ನಾಯಿಗಳು ಲೇಸೆಂದು ನನ್ನ ಅಭಿಪ್ರಾಯ. ಇಟಲಿಯಲ್ಲಿ ಹಿಂಡು ಕಾಯುವ ಮರೆಮ್ಮಾ ಎಂಬ ನಾಯಿಗಳನ್ನೂ ಹೀಗೆಯೇ ಕುರಿಗಳ ಜೊತೆ ಬೆಳೆಸುತ್ತಾರೆ. ಹಿಮಾಲಯದ ಗದ್ದಿ ಜನರು ಚಿರತೆ ಕುತ್ತಿಗೆ ಹಿಡಿಯದಂತೆ ನಾಯಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಹಾಕುತ್ತಾರೆ. ನಾಯಿಗೆ ಹುಚ್ಚುನಾಯಿ ರೋಗದ ಲಸಿಕೆ ಪ್ರತಿವರ್ಷ ಹಾಕಿಸತಕ್ಕದ್ದು. ತೋಳವೋ ನರಿಯೋ ಮನುಷ್ಯನಿಗೆ ಕಚ್ಚಿದರೆ ಗಾಯವನ್ನು ಸಾಬೂನಿನಿಂದ ಹದಿನೈದು ನಿಮಿಷ ತೊಳೆದು, ಅದೇ ದಿನ ದವಾಖಾನೆಗೆ ಹೋಗತಕ್ಕದ್ದು.

ದೀಪದ ಉಪಾಯ ಹೊಸದು, ಅಗ್ಗವಾದುದು. ಆಸ್ಟ್ರೇಲಿಯದಲ್ಲಿ ನರಿ ಆ ನಾಡಿನದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬೇಟೆಯ ಮೋಜಿಗಾಗಿ ಬ್ರಿಟಿಷರು ಒಯ್ದು ಬಿಟ್ಟದ್ದು. ಆದ್ದರಿಂದ ಅಲ್ಲಿ ವಿಷ, ಬಂದೂಕು ಎರಡನ್ನೂ ಬಳಸುತ್ತಾರೆ; ನಮಗೆ ಆ ಮಾದರಿ ಸಲ್ಲದು. ಆದರೆ ಅಲ್ಲಿನ ರೈತರೊಬ್ಬರೇ ಇನ್ನೊಂದು ಸಾಧನವನ್ನು ಕಂಡುಹಿಡಿದರು. ಕತ್ತಲಾದೊಡನೆ ತಾನೇ ಹೊತ್ತಿಕೊಂಡು, ಕ್ರಮವಿಲ್ಲದೆ ಬೇರೆ ಬೇರೆ ಬಣ್ಣದಲ್ಲಿ ಮಿನುಗುವ ದೀಪ ಅದು. ಯಾರೋ ಬ್ಯಾಟರಿ ಹಿಡಿದು ತಿರುಗುತ್ತಿರುವಂತೆ ದೂರಕ್ಕೆ ಕಾಣುತ್ತದೆ. ಕೆನ್ಯಾದ ನೈರೋಬಿಯಲ್ಲಿಯೂ ನಮ್ಮ ಬೊರಿವಲಿಯಂತೆ ನಗರಕ್ಕೆ ತಾಗಿ ರಾಷ್ಟ್ರೀಯ ಉದ್ಯಾನವಿದೆ. ಅದರ ಅಂಚಿನ ರಿಚರ್ಡ್ ಟುರೆರೆ ಎಂಬ ಹುಡುಗ ಹಳೆಯ ಕಾರಿನ ಬ್ಯಾಟರಿ, ಸೌರ ಫಲಕ, ಸಣ್ಣ ಬಲ್ಬುಗಳನ್ನು ಜೋಡಿಸಿ ತಂದೆಯ ದನದ ದೊಡ್ಡಿಯ ಸುತ್ತ ಮಿನುಗಿಸಿದ. ಸಿಂಹಗಳು ದೂರ ಉಳಿದವು. ೨೦೧೩ರಲ್ಲಿ ಅವನು ಅಮೆರಿಕಕ್ಕೆ ಹೋಗಿ ಇದನ್ನು ಜನರ ಮುಂದೆ ವಿವರಿಸಿದ. ನಮ್ಮಲ್ಲಿ ತಂತಿ ಕೆಲಸ ಬಲ್ಲ ತರುಣರು ಎಷ್ಟೋ ಜನರಿದ್ದಾರೆ. ರಜೆಯಲ್ಲಿ ಊರಿಗೆ ಹೋದಾಗ ಒಂದನ್ನು ಮಾಡಿ ಕೊಟ್ಟು ಬರಬಹುದು. ಒಂದು ಎಚ್ಚರಿಕೆ: ವರ್ಷವಿಡೀ ಒಂದೇ ಜಾಗದಲ್ಲಿ ಮಿನುಗಿದರೆ ಪ್ರಾಣಿ ಅದಕ್ಕೆ ಹೊಂದಿಕೊಳ್ಳುತ್ತದೆ. ಮರಿ ಹಾಕುವ ವಾರಗಳಲ್ಲಿ ಮಾತ್ರ ಹಾಕಿ, ಮೂರು ನಾಲ್ಕು ರಾತ್ರಿಗೊಮ್ಮೆ ಜಾಗ ಬದಲಿಸಬೇಕು.

ಆದರೂ ದೀಪಕ್ಕಿಂತ ಎಚ್ಚರವಿರುವ ಮನುಷ್ಯ ಮೇಲು. ರಾತ್ರಿ ಪಾಳಿ ಮಾಡಿದವರಿಗೆ ಗೊತ್ತು, ಮೂರು ಗಂಟೆಯಿಂದ ಐದರವರೆಗೆ ಕಣ್ಣು ತಾನಾಗಿ ಮುಚ್ಚುತ್ತದೆ. ಹೊತ್ತು ಮುಳುಗಿದ ಮೇಲಿನ ತಾಸು, ಬೆಳಗಿನ ಜಾವ, ಇವೆರಡೇ ಹೆಚ್ಚು ಭಯದ ಹೊತ್ತು. ಇಬ್ಬರಿದ್ದರೆ ಒಂದು ಗಂಟೆಗೆ ಪಾಳಿ ಬದಲಿಸಬೇಕು. ಒಬ್ಬನೇ ಹದಿಮೂರು ತಾಸು ಕಾಯಬೇಕೆಂದು ಇಲ್ಲಿಂದ ನಾವು ಫೋನಿನಲ್ಲಿ ಗದರಿಸುವುದು ನ್ಯಾಯವಲ್ಲ. ಪಾಲಿನ ಒಡೆಯರು ನಾಲ್ಕು ಜನ ಸೇರಿ ಆ ಎರಡು ತಿಂಗಳಿಗೆ ಮತ್ತೊಬ್ಬ ಆಳಿನ ಸಂಬಳ ಹಂಚಿಕೊಂಡರೆ, ಔಷಧಿಗೆ ಕಳಿಸುವ ರೊಕ್ಕಕ್ಕಿಂತ ಅದು ಸಾರ್ಥಕ.

ಇಷ್ಟೆಲ್ಲ ಮಾಡಿಯೂ ಕುರಿ ಹೋದರೆ, ಕಳೇಬರವನ್ನು ಕದಲಿಸಬಾರದು, ಸುಲಿಯಬಾರದು, ಮಾರಬಾರದು. ಮೇಲೆ ಮುಳ್ಳು ಮುಚ್ಚಿ, ಗಾಯ ಮತ್ತು ಹೆಜ್ಜೆ ಕಾಣುವಂತೆ ಫೋನಿನಲ್ಲಿ ಚಿತ್ರ ತೆಗೆದು, ಆ ದಿನವೇ ಹತ್ತಿರದ ಅರಣ್ಯ ಕಚೇರಿಗೆ ತಿಳಿಸಬೇಕು. ವನ್ಯಪ್ರಾಣಿ ಕೊಂದ ಕುರಿಗೆ ಅರಣ್ಯ ಇಲಾಖೆಯ ಪರಿಹಾರವುಂಟು. ಅದಕ್ಕೆ ಸ್ಥಳ ಪಂಚನಾಮೆ, ಪಶುವೈದ್ಯರ ಪ್ರಮಾಣಪತ್ರ ಬೇಕಾಗುತ್ತವೆ. ಬೇರೆ ರೀತಿಯ ಆಕಸ್ಮಿಕ ಮರಣಕ್ಕೆ ಕರ್ನಾಟಕದಲ್ಲಿ ಅನುಗ್ರಹ ಯೋಜನೆ ಇದೆ, ಅದನ್ನು ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಅರ್ಜಿ ಬರೆಯಲು ಊರಿನಲ್ಲಿ ತೊಡಕಾದರೆ, ಹೆಸರು, ಸರ್ವೆ ನಂಬರು, ಸತ್ತ ಕುರಿಗಳ ವಯಸ್ಸು ಮತ್ತು ಸಂಖ್ಯೆ, ದಿನಾಂಕ ಇಷ್ಟನ್ನು ಫೋನಿನಲ್ಲಿ ತರಿಸಿಕೊಂಡು ರವಿವಾರ ಸಂಜೆ ವಾಚನಾಲಯಕ್ಕೆ ಬನ್ನಿರಿ. ಕನ್ನಡದಲ್ಲಿ ಶುದ್ಧಪ್ರತಿ ಬರೆದು ಕೊಡಲಾಗುವುದು.