ಮೈಕ್ ಆನ್ ಇಟ್ಟು ಆಡುವ ಯುದ್ಧ

2025ರ ಮೇ 8ರ ರಾತ್ರಿ ಮನೆತನದ ವಾಟ್ಸಾಪ್ ಗ್ರೂಪಿಗೆ ಆ ವಿಡಿಯೋ ಹಾಕಿದವರು ನಮ್ಮ ಸೋದರಮಾವ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಅವರು ಇವತ್ತಿಗೂ ಒಪ್ಪುವುದಿಲ್ಲ. ಕತ್ತಲ ಆಕಾಶ, ಕೆಳಗಿನಿಂದ ಸಾಲುಗಟ್ಟಿ ಏರುವ ಬೆಂಕಿಗುಂಡು, ಉರಿಯುತ್ತ ಬೀಳುವ ವಿಮಾನ. ಜೊತೆಗೊಂದು ಸಾಲು: 'ಜಮ್ಮು, ಈಗಷ್ಟೇ.'

ಅಣ್ಣನ ಮಗ ಆ ಕಡೆಯೇ ಡ್ಯೂಟಿಯಲ್ಲಿದ್ದ. ಚಿಕ್ಕೋಡಿ, ರಾಯಬಾಗ ಕಡೆಯ ಹಳ್ಳಿಗಳಲ್ಲಿ ಫೌಜಿ ಇಲ್ಲದ ಓಣಿ ಹುಡುಕುವುದು ಕಷ್ಟ. ಭಾರತ-ಪಾಕಿಸ್ತಾನ ಕಾದಾಟದ ದಿನಗಳವು; ಟಿವಿಯಲ್ಲಿ ಡ್ರೋನ್, ಬ್ಲ್ಯಾಕ್‌ಔಟ್, ಸೈರನ್. ಹುಡುಗನ ಫೋನ್ ಸಂಜೆಯಿಂದ ಸ್ವಿಚ್ ಆಫ್. ವಿಡಿಯೋ ನೋಡಿದ ವೈನಿ ಪಡಸಾಲೆಯಲ್ಲೇ ಕುಸಿದರು. ಓಣಿಯ ಹೆಣ್ಣುಮಕ್ಕಳು ಬಂದು ಸುತ್ತ ಕೂತರು. ಯಾರೋ ಅಳು ತೆಗೆದರು. ಇನ್ನೂ ಏನೂ ಆಗಿಲ್ಲದ ಮನೆಯಲ್ಲಿ ಸಾವಿನ ಅಳು. ಅಣ್ಣ ಅಂಗಳದಲ್ಲಿ ನಿಂತು ಅದೇ ನಂಬರಿಗೆ ಮತ್ತೆ ಮತ್ತೆ ಹಚ್ಚುತ್ತಿದ್ದ.

ನಾನು ಸೈನ್ಯದ ಸಿಗ್ನಲ್ಸ್‌ನಲ್ಲಿ ಇದ್ದು ಬಂದವನು. "ಫೋನ್ ಬಂದ್ ಐತಿ ಅಂದ್ರ ಛಲೋ ಸುದ್ದಿ, ವೈನಿ. ಆನ್ ಇದ್ರ ಅಂಜಬೇಕಾಗಿತ್ತು" ಅಂದೆ. ಯಾರು ಕೇಳಬೇಕು? ಪಿಯುಸಿ ಓದುವ ನನ್ನ ಮಗ ಮೊಬೈಲ್ ಇಸಿದುಕೊಂಡು ನೋಡಿ, "ಅಪ್ಪಾ, ಇದು ಆರ್ಮಾ 3. ಗೇಮ್ ಇದು" ಅಂದ. ಮಾವನವರು ಸಿಡಿದರು: "ಹಗಲೂ ರಾತ್ರಿ ಬಿಜಿಎಂಐ ಆಡು ಹುಡುಗ ನನಗ ಯುದ್ಧ ಕಲಸ್ತಾನ?" ಮಗ ಯೂಟ್ಯೂಬಿನಲ್ಲಿ ಅಂಥದೇ ದೃಶ್ಯ ತೆಗೆದು ತೋರಿಸಿದರೂ ಅವರು ಕನ್ನಡಕ ಹಾಕಿಕೊಳ್ಳಲಿಲ್ಲ. ವಿಡಿಯೋ ಅಳಿಸಲೂ ಇಲ್ಲ. ಬೆಳಕು ಹರಿಯುವ ಹೊತ್ತಿಗೆ ಅಥಣಿ, ನಿಪ್ಪಾಣಿಯ ಬೀಗರ ಫೋನುಗಳು ಶುರುವಾದವು. ಕದನವಿರಾಮವಾದ ಮೇಲೆ, 11ರಂದು, ಹುಡುಗನ ಫೋನ್ ಬಂತು: "ಆಯಿ, ಊಟಾ ಆತೇನ?"

ಆರ್ಮಾ ಮಾಡಿದ ಪ್ರಾಗ್‌ನ ಬೊಹೆಮಿಯಾ ಇಂಟರಾಕ್ಟಿವ್ ಕಂಪನಿ 2022ರ ನವೆಂಬರ್‌ನಲ್ಲೇ, ಉಕ್ರೇನ್ ಯುದ್ಧದ ಹೆಸರಲ್ಲಿ ತನ್ನ ಆಟದ ತುಣುಕು ಓಡಾಡಿದಾಗ, ಗುರುತು ಹಿಡಿಯುವ ಬಗೆ ಹೇಳಿತ್ತು: ಮಸುಕು ಚಿತ್ರ, ಅಲುಗುವ ಕ್ಯಾಮೆರಾ, ಕತ್ತಲು, ಹೆಚ್ಚಾಗಿ ಶಬ್ದವೇ ಇಲ್ಲ, ಓಡಾಡುವ ಮನುಷ್ಯರಿಲ್ಲ. ಮಾವನವರ ವಿಡಿಯೋದಲ್ಲಿ ಇವಿಷ್ಟೂ ಇದ್ದವು. ಅನುಮಾನ ಬಂದದ್ದನ್ನು ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್‌ಗೆ ಕಳಿಸಿ. ಸೈನ್ಯದಲ್ಲಿರುವ ಮನೆಯ ಹುಡುಗ ಯಾವ ಊರಲ್ಲಿದ್ದಾನೆಂದು ಗ್ರೂಪಿನಲ್ಲಿ ಬರೆಯಬೇಡಿ. ನನಗೆ ಗೊತ್ತಿರುವ ಉಪಾಯ ಇಷ್ಟೇ.

ಆದರೆ ಸಿಟ್ಟು ಆಟ ಮಾಡುವವರ ಮೇಲೂ ಇದೆ. ಗುಂಡು, ಗುಡ್ಡ, ಹುಲ್ಲು ಎಲ್ಲ ಖರೇ ಕಾಣುವಂತೆ ಮಾಡುತ್ತಾರೆ; ಯುದ್ಧ ನಡೆಯುವ ರೀತಿ ಮಾತ್ರ ಹಳೆಯದು. ಇಂದಿನ ಫೈಟರ್ ವಿಮಾನ ಕ್ಷಿಪಣಿ ಬಿಡುವುದು ಹತ್ತಾರು ಕಿಲೋಮೀಟರ್ ಆಚೆಯಿಂದ, ಕಣ್ಣಿಗೆ ಕಾಣದೆ. ಬಿಜಿಎಂಐಯಂಥ ಮೊಬೈಲ್ ಆಟದಲ್ಲಿ ಬಿದ್ದ ಗೆಳೆಯನನ್ನು ಕೆಲವೇ ಸೆಕೆಂಡಿನಲ್ಲಿ ಎಬ್ಬಿಸುತ್ತಾರೆ. ಉಕ್ರೇನಿನಲ್ಲಿ ಗಾಯಾಳುವನ್ನು ಹೊತ್ತು ತರುವವರ ಮೇಲೂ ಡ್ರೋನ್ ಎರಗುತ್ತದೆ. ಜಾಮ್ ಆಗದಿರಲೆಂದು ಆಪ್ಟಿಕಲ್ ಫೈಬರ್ ಎಳೆ ಬಿಚ್ಚುತ್ತ ಹಾರುವ ಡ್ರೋನೂ ಅಲ್ಲಿದೆ. ಆಟದಲ್ಲೋ ಗೆಳೆಯರೆಲ್ಲ ಮ್ಯಾಪಿನಲ್ಲಿ ಸದಾ ಮಿನುಗುತ್ತಿರುತ್ತಾರೆ, ಮೈಕಿನಲ್ಲಿ ಸದಾ ಕೂಗಾಡುತ್ತಿರುತ್ತಾರೆ.

ನನ್ನ ತಕರಾರು ಈ ಮೈಕಿನದೇ. 2023ರ ಹೊಸವರ್ಷದ ರಾತ್ರಿ ಉಕ್ರೇನಿನ ಮಕೀವ್ಕಾದಲ್ಲಿ ರಷ್ಯಾದ ಸೈನಿಕರು ತಂಗಿದ್ದ ಕಟ್ಟಡಕ್ಕೆ ರಾಕೆಟ್ ಬಿತ್ತು. 89 ಮಂದಿ ಸತ್ತರೆಂದು ಒಪ್ಪಿಕೊಂಡ ರಷ್ಯಾ, ಮುಖ್ಯ ಕಾರಣ ಸೈನಿಕರ ಮೊಬೈಲ್ ಬಳಕೆ ಅಂದಿತು. ನಮ್ಮ ಕಾಲದಲ್ಲೂ ರೇಡಿಯೋ ಒತ್ತಿದರೆ ಮಾತು ಚುಟುಕು. ಗಾಳಿಗೆ ಬಿಟ್ಟ ಸಿಗ್ನಲ್ ವೈರಿಗೂ ಸಿಗುತ್ತದೆ. ಆಟದಲ್ಲೂ ಮೈಕ್ ಒತ್ತಿದವನ ಜಾಗ ಎದುರಾಳಿಯ ಮ್ಯಾಪಿನಲ್ಲಿ ಮೂಡಲಿ. ನಡುವೆ ಜಾಮರ್ ಬಂದು ಮ್ಯಾಪ್ ಸತ್ತುಹೋಗಲಿ. ಆಗ ಫೋನ್ ಯಾಕೆ ಬಂದ್ ಇರುತ್ತದೆಂದು ಆಡುವ ಹುಡುಗರೇ ತಮ್ಮ ಮನೆಯವರಿಗೆ ಬಿಡಿಸಿ ಹೇಳುತ್ತಾರೆ. ಯುದ್ಧದ ನಡುವೆ ಸಿಕ್ಕಿಕೊಳ್ಳುವ ಊರಿನ ಜನರನ್ನೂ ಆಟದಲ್ಲಿ ಇಡಬಹುದು. 2017ರಲ್ಲಿ ಆರ್ಮಾದವರೇ ಯುದ್ಧನಿಯಮ, ನೆಲಬಾಂಬ್ ತೆಗೆಯುವವರ ಕಥೆ ಸೇರಿಸಿದ 'ಲಾಸ್ ಆಫ್ ವಾರ್' ಎಂಬ ಹೆಚ್ಚುವರಿ ಭಾಗ ತಂದಿದ್ದರು.

ಖರೇ ಯುದ್ಧದಂಥ ಆಟ ಬೇಕೆಂದು ಮಗನಿಗೆ ಹೇಳಿದರೆ ನಕ್ಕ. "ತಾಸುಗಟ್ಟಲೆ ತಗ್ಗಿನಾಗ ಸುಮ್ಮ ಕುಂದ್ರು ಗೇಮ್ ಯಾರ್ ಆಡ್ತಾರ್ ಅಪ್ಪಾ?" ಅಂದ. ಮೈಕಿನ ಮಾತು ಮಾತ್ರ ಅವನಿಗೆ ಹಿಡಿಸಿತು.

"ಅದೊಂದು ಮಾಡ್ಲಿ. ಮಾವಜ್ಜನ್ನ ಎದುರಿನ ಟೀಮಿಗೆ ಹಾಕ್ರಿ, ಮೊದಲನೇ ನಿಮಿಷಕ್ಕ ಔಟ್."